ಸಾಸಿವೆ, ಸೀರೆ ಅಂಚು, ಕಾಫಿ: ಕ್ಯಾಮೆರಾ ಇಲ್ಲದೆ ಮಾಡಿದ 16 ಎಂಎಂ ಸಿನಿಮಾ

ಮೇ ತಿಂಗಳ ಮಧ್ಯಾಹ್ನ. ಬಚ್ಚಲಮನೆ ಬಾಗಿಲಿನ ಸಂದಿಗೆಲ್ಲ ಹಳೇ ಕಂಬಳಿ ತುರುಕಿ ಒಳಗೆ ಕೂತಿದ್ದೆ. ಹೊರಗಿನಿಂದ ಅಮ್ಮ ಬಾಗಿಲು ಬಡಿದಳು.

"ಏನೋ ಅದು ವಾಸನೆ? ಹುಲ್ಲು ಕೊಳೆತ ಹಾಗಿದೆ!"

"ಕಾಫಿ ಅಮ್ಮ."

"ನಮ್ಮನೆ ಕಾಫಿ ಯಾವತ್ತೂ ಹಾಗೆ ನಾರಿಲ್ಲ ಕಣೋ."

ಅವಳು ಹೇಳಿದ್ದು ಸರಿ. ಕಾಫಿ ಪುಡಿಗೆ ವಾಷಿಂಗ್ ಸೋಡಾ, ವಿಟಮಿನ್ ಸಿ ಬೆರೆಸಿದರೆ ಬರುವ ವಾಸನೆ ಮನುಷ್ಯರು ತಡೆಯುವಂಥದ್ದಲ್ಲ. ಆದರೆ ಆ ನೀರಿನಲ್ಲಿ ಬ್ಲಾಕ್ ಅಂಡ್ ವೈಟ್ ಫಿಲ್ಮ್ ಡೆವಲಪ್ ಆಗುತ್ತದೆ. ಅದನ್ನೇ ನಂಬಿಕೊಂಡು ಎರಡು ತಿಂಗಳು ಮನೆಯವರ ಬೈಗುಳ ತಿಂದೆ.

ಕೈಯಲ್ಲಿ ಇದ್ದದ್ದು ಒಂದೇ ರೋಲು. ಬರ್ಲಿನ್‌ನಿಂದ ಬಂದ ಗೆಳೆಯ ತಂದುಕೊಟ್ಟ 100 ಅಡಿ ಉದ್ದದ, 16 ಎಂಎಂ ಅಗಲದ ಪ್ರಿಂಟ್ ಸ್ಟಾಕ್. ಇದು ಕ್ಯಾಮೆರಾಗೆ ಹಾಕುವ ಫಿಲ್ಮ್ ಅಲ್ಲ. ನೆಗೆಟಿವ್‌ನಿಂದ ಪ್ರತಿ ತೆಗೆಯಲು ಬಳಸುವಂಥದ್ದು. ಬೆಳಕಿಗೆ ಬಹಳ ನಿಧಾನ, ಅದರಲ್ಲೂ ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತದೆ. ಹಾಗಾಗಿ ಕೆಂಪು ಬೆಳಕಲ್ಲಿ ಕಣ್ಣು ಬಿಟ್ಟುಕೊಂಡೇ ಕೆಲಸ ಮಾಡಬಹುದು. ನನ್ನಂಥವನಿಗೆ ಅಷ್ಟು ಸಾಕು.

16 ಎಂಎಂನಲ್ಲಿ ಒಂದು ಅಡಿಗೆ 40 ಫ್ರೇಮು, ಅಂದರೆ 40 ಬಿಡಿ ಚಿತ್ರ. 100 ಅಡಿ ಅಂದರೆ 4000 ಫ್ರೇಮು. ಸೆಕೆಂಡಿಗೆ 24ರ ಲೆಕ್ಕದಲ್ಲಿ 2 ನಿಮಿಷ 46 ಸೆಕೆಂಡಿನ ಸಿನಿಮಾ. ಕ್ಯಾಮೆರಾ ಇಲ್ಲ, ನಟರಿಲ್ಲ, ಕತೆಯೂ ಇಲ್ಲ. ಫಿಲ್ಮ್ ಮೇಲೆ ನೇರವಾಗಿ ವಸ್ತು ಇಟ್ಟು, ಮೇಲಿಂದ ಟಾರ್ಚ್ ಬಿಟ್ಟು, ತೊಳೆಯುವುದು. ಬೆಳಕು ಬಿದ್ದ ಕಡೆ ಕಪ್ಪಾಗುತ್ತದೆ, ವಸ್ತುವಿನ ನೆರಳು ಬಿದ್ದ ಕಡೆ ಪಾರದರ್ಶಕವಾಗಿ ಉಳಿಯುತ್ತದೆ. ಪ್ರೊಜೆಕ್ಟರ್‌ನಲ್ಲಿ ಹಾಕಿದರೆ ಕಪ್ಪು ಪರದೆ ಮೇಲೆ ಬೆಳ್ಳಗೆ ಹೊಳೆಯುವ ಆಕಾರಗಳು.

ಇದು ನನ್ನ ಶೋಧನೆಯೇನಲ್ಲ. ಪ್ಯಾರಿಸ್ಸಿನಲ್ಲಿ ಮ್ಯಾನ್ ರೇ ಅನ್ನುವ ಕಲಾವಿದ 1923ರಲ್ಲೇ ಫಿಲ್ಮ್ ಮೇಲೆ ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ, ಗುಂಡುಪಿನ್ನು ಚೆಲ್ಲಿ ಮಾಡಿದ್ದ. ಅಮೆರಿಕದ ಸ್ಟ್ಯಾನ್ ಬ್ರಾಖೇಜ್ 1963ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪತಂಗದ ರೆಕ್ಕೆಗಳನ್ನೇ ಎರಡು ಟೇಪುಗಳ ನಡುವೆ ಅಂಟಿಸಿ ಓಡಿಸಿದ. ಇದೆಲ್ಲ ಹೊರದೇಶದವರ ಚಟ ಅಂದುಕೊಳ್ಳಬೇಡಿ. ನಮ್ಮ ಸರ್ಕಾರಿ ಸಾಕ್ಷ್ಯಚಿತ್ರ ಸಂಸ್ಥೆಯಾಗಿದ್ದ ಫಿಲ್ಮ್ಸ್ ಡಿವಿಷನ್‌ನಲ್ಲೇ ಪ್ರಮೋದ್ ಪತಿ 1968ರಲ್ಲಿ ಸರ್ಕಾರಿ ದುಡ್ಡಲ್ಲಿ ಕಣ್ಣು ಕುಕ್ಕುವಂಥ ಪ್ರಯೋಗ ಮಾಡಿದ್ದರು. ಈಗ ಯಾವ ಸರ್ಕಾರ ಕೊಡುತ್ತೆ ಹೇಳಿ!

ಪೈಪಿನ ಕೆಲಸ

ಮೊದಲ ತಲೆನೋವು, ರೋಲನ್ನು ಎರಡು ಪಾಲು ಮಾಡಿದರೂ 50 ಅಡಿ ಉದ್ದದ ಫಿಲ್ಮನ್ನು ತೊಳೆಯುವುದು ಹೇಗೆ? ಸುಮ್ನೆ ಬಕೆಟ್‌ಗೆ ಹಾಕಿ ಶಾವಿಗೆ ಥರ ಕಲಸಬಹುದು. ತುಂಬಾ ಜನ ಹಾಗೇ ಮಾಡುತ್ತಾರೆ. ಆದರೆ ಗೀರು ಬೀಳುತ್ತದೆ, ಒಂದಕ್ಕೊಂದು ಅಂಟಿದ ಜಾಗ ಡೆವಲಪ್ ಆಗುವುದಿಲ್ಲ. ಆ ಗೀರನ್ನೇ ಕಲೆ ಅನ್ನುವವರೂ ಇದ್ದಾರೆ. ನನಗೆ ಸಾಸಿವೆಕಾಳು ಸಾಸಿವೆಕಾಳಾಗಿಯೇ ಕಾಣಬೇಕಿತ್ತು.

ಹಾಗಾಗಿ ಡ್ರಮ್ ಮಾಡಿದೆ. ಹೊರ ಅಳತೆ 160 ಮಿ.ಮೀ ಇರುವ ಪಿವಿಸಿ ಪೈಪು. ಒಂದು ಸುತ್ತಿಗೆ ಹೆಚ್ಚುಕಡಿಮೆ ಅರ್ಧ ಮೀಟರ್ ಫಿಲ್ಮ್ ಹಿಡಿಯುತ್ತದೆ, 50 ಅಡಿಗೆ 30 ಸುತ್ತು. ಫಿಲ್ಮ್ ಅಗಲ 16 ಮಿ.ಮೀ. ಸುತ್ತುಗಳ ನಡುವೆ 2 ಮಿ.ಮೀ ನೈಲಾನ್ ಹಗ್ಗವನ್ನು ಸುರುಳಿಯಾಗಿ ಅಂಟಿಸಿದೆ, ಒಂದರ ಮೇಲೊಂದು ಏರದೆ ಇರಲಿ ಅಂತ. ಅಂದರೆ ಸುತ್ತಿಗೆ 18 ಮಿ.ಮೀ, ಒಟ್ಟು 54 ಸೆಂ.ಮೀ. ಪೈಪು 60 ಸೆಂ.ಮೀ ಕತ್ತರಿಸಿದರೆ ಎರಡು ಕಡೆ ಸ್ವಲ್ಪ ಜಾಗ ಉಳಿಯುತ್ತದೆ.

ಕೆಳಗೆ ತೊಟ್ಟಿ. 200 ಮಿ.ಮೀ ಪೈಪನ್ನು ಪ್ಲಂಬರ್ ಹುಡುಗನ ಕೈಲಿ ಗ್ರೈಂಡರ್‌ನಲ್ಲಿ ಉದ್ದಕ್ಕೆ ಸೀಳಿಸಿದೆ. "ಸಾರ್, ಮಳೆನೀರಿಗಾ?" ಅಂದ. ಸಿನಿಮಾಗೆ ಅಂದೆ. ಮತ್ತೆ ಮಾತಾಡಲಿಲ್ಲ. ಎಂಡ್ ಕ್ಯಾಪನ್ನೂ ಅರ್ಧ ಮಾಡಿ ಎರಡು ತುದಿಗೆ ಅಂಟಿಸಿ ಎಂಸೀಲ್ ಮೆತ್ತಿದೆ. ಮೊದಲ ಸಲ ನೀರು ತುಂಬಿಸಿದಾಗ ಎಡತುದಿ ಸೋರಿತು. ಒಣಗಿಸಿ, ಕೆರೆದು, ಮತ್ತೆ ಮೆತ್ತಿದ ಮೇಲೆ ನಿಂತಿತು. ಡ್ರಮ್ಮಿಗೂ ತೊಟ್ಟಿಗೂ ನಡುವೆ ಇರುವ ಜಾಗ ಚಿಕ್ಕದು, 2 ಲೀಟರ್ ದ್ರಾವಣ ಸಾಕು. ಡ್ರಮ್ ನಡುವೆ ಕಬ್ಬಿಣದ ಸರಳು ತೂರಿಸಿ, ತುದಿಗೆ ಹಳೇ ರುಬ್ಬೋ ಯಂತ್ರದ ಹಿಡಿ ಸಿಕ್ಕಿಸಿದೆ. ಕೈಯಲ್ಲಿ ತಿರುಗಿಸುತ್ತಾ ಕೂರುವುದು.

ಇಲ್ಲಿ ಒಂದು ವಿಷಯ ತಡವಾಗಿ ಗೊತ್ತಾಯಿತು. ಫಿಲ್ಮ್ ನೀರು ಕುಡಿದರೆ ಚೂರು ಉದ್ದವಾಗುತ್ತದೆ. ಬಿಗಿಯಾಗಿ ಸುತ್ತಿದ್ದು ಐದು ನಿಮಿಷದಲ್ಲಿ ಸಡಿಲವಾಗಿ, ಹಗ್ಗ ದಾಟಿ ಪಕ್ಕದ ಸುತ್ತಿನ ಮೇಲೆ ಕೂರುತ್ತದೆ. ಒಂದು ತುದಿಯನ್ನು ಪೈಪಿಗೆ ಟೇಪ್ ಹಾಕಿ, ಇನ್ನೊಂದು ತುದಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಎಳೆದು ಸಿಕ್ಕಿಸಬೇಕು. ಸಡಿಲ ಆದಷ್ಟೂ ರಬ್ಬರ್ ಎಳೆದುಕೊಳ್ಳುತ್ತದೆ.

ಕೆಂಪು ದೀಪ

ಅಂಗಡಿಯಲ್ಲಿ ಕೆಂಪು ಝೀರೋ ಬಲ್ಬ್ ತಂದೆ. ಬಳಸುವ ಮುಂಚೆ ಒಂದು ಪರೀಕ್ಷೆ. ಕತ್ತಲಲ್ಲಿ ಒಂದು ತುಂಡು ಫಿಲ್ಮ್ ಇಟ್ಟು, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು, ಬಲ್ಬ್ ಹಾಕಿ ಐದು ನಿಮಿಷ ಬಿಟ್ಟು ಡೆವಲಪ್ ಮಾಡಿದೆ. ನಾಣ್ಯದ ದುಂಡು ಆಕಾರ ಸ್ಪಷ್ಟವಾಗಿ ಬಂತು. ಅಂದರೆ ಬಲ್ಬ್ ಕೆಂಪಲ್ಲ, ಒಳಗೆ ಬಿಳಿ ಎಲ್‌ಇಡಿ ಇಟ್ಟು ಮೇಲೆ ಕೆಂಪು ಪ್ಲಾಸ್ಟಿಕ್ ಹಾಕಿದ್ದಾರೆ, ನೀಲಿ ಬೆಳಕು ಸೋರುತ್ತಿದೆ. ನಿಜವಾದ ಕೆಂಪು ಎಲ್‌ಇಡಿ ಸ್ಟ್ರಿಪ್ ತಂದು ಗೋಡೆಗೆ ಅಂಟಿಸಿದ ಮೇಲೆ ನಾಣ್ಯ ಮಾಯವಾಯಿತು. ಈ ಪರೀಕ್ಷೆ ಮಾಡದೆ ಶುರು ಮಾಡಿದ್ದರೆ 100 ಅಡಿಯೂ ಬೂದಿ ಬಣ್ಣಕ್ಕೆ ಹೋಗುತ್ತಿತ್ತು.

ಕಾಫಿ

ಕಾಫಿಯಲ್ಲಿ ಫಿಲ್ಮ್ ತೊಳೆಯುವ ವಿದ್ಯೆ ಹುಟ್ಟಿದ್ದು 1995ರಲ್ಲಿ, ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಒಂದು ಕ್ಲಾಸಿನಲ್ಲಿ. ವಿಟಮಿನ್ ಸಿ ಸೇರಿದ್ದು ಆಮೇಲೆ. ಈಗ ತುಂಬಾ ಜನ ಬಳಸುವ ಅಳತೆ ಲೀಟರಿಗೆ 54 ಗ್ರಾಂ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ. 20 ಡಿಗ್ರಿಯಲ್ಲಿ 15 ನಿಮಿಷ. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫಿಕ್, ಕ್ಲೋರೋಜೆನಿಕ್ ಆಮ್ಲಗಳು. ಅದು ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಜಾಸ್ತಿ. ಅಂದರೆ ಕುಡಿಯಲು ಒಳ್ಳೆಯದು ಇದಕ್ಕೆ ಬೇಡ, ಅಗ್ಗದ್ದೇ ಬೇಕು.

ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಬೆಳೆಯುವ ರಾಜ್ಯದಲ್ಲಿ ಕೂತು ಕಾಫಿಯಿಂದಲೇ ಸೋಲುತ್ತೇನೆ ಅಂತ ಅಂದುಕೊಂಡಿರಲಿಲ್ಲ. ಮೊದಲ ಪರೀಕ್ಷೆಯ ತುಂಡು 15 ನಿಮಿಷ ಆದರೂ ಪೇಲವ. 25 ನಿಮಿಷಕ್ಕೂ ಅಷ್ಟೇ. ಸಾಸಿವೆ ಇಟ್ಟ ಜಾಗ ಯಾವುದು, ಇಡದ ಜಾಗ ಯಾವುದು ಅಂತ ಕಣ್ಣು ಕಿರಿದು ಮಾಡಿ ನೋಡಬೇಕು. ಸೋಡಾ ಹಳೆಯದಾ? ವಿಟಮಿನ್ ಸಿ ಕಲಬೆರಕೆಯಾ? ಎರಡನ್ನೂ ಹೊಸದಾಗಿ ತಂದೆ. ಮತ್ತೆ ಅದೇ ಪೇಲವ. ಕೊನೆಗೆ ಕಾಫಿ ಡಬ್ಬಿ ಹಿಂದಿನ ಸಣ್ಣ ಅಕ್ಷರ ಓದಿದೆ. ಕಾಫಿ 70, ಚಿಕೋರಿ 30. ನಮ್ಮ ಕಡೆ ಅಡುಗೆಮನೆಯಲ್ಲಿ ಇರೋದೇ ಹೀಗೆ. ಚಿಕೋರಿ ಬಣ್ಣ ಕೊಡುತ್ತದೆ, ಮಂದ ಕೊಡುತ್ತದೆ, ಫಿಲ್ಮಿಗೆ ಹೆಚ್ಚೇನೂ ಕೊಡುವುದಿಲ್ಲ. ಚಿಕೋರಿ ಇಲ್ಲದ ಡಬ್ಬಿ ತಂದ ದಿನ ಅದೇ ಅಳತೆಗೆ ಕಪ್ಪು ಕಾಡಿಗೆಯಂತೆ ಬಂತು.

ಸೋಡಾ ವಿಷಯದಲ್ಲೂ ಒಂದು ಮಾತು. ಅಡುಗೆ ಸೋಡಾ ಬೇರೆ, ವಾಷಿಂಗ್ ಸೋಡಾ ಬೇರೆ. ಅಡುಗೆ ಸೋಡಾ ಮಾತ್ರ ಇದ್ದರೆ ಬಾಣಲೆಯಲ್ಲಿ ಹಾಕಿ ಚೆನ್ನಾಗಿ ಹುರಿಯಿರಿ. ನೀರು, ಇಂಗಾಲದ ಡೈಆಕ್ಸೈಡ್ ಹೊರಟು ವಾಷಿಂಗ್ ಸೋಡಾ ಉಳಿಯುತ್ತದೆ. 86 ಗ್ರಾಂ ಹುರಿದರೆ ಸುಮಾರು 54 ಗ್ರಾಂ ಸಿಗುತ್ತದೆ. ಅಂಗಡಿಯಲ್ಲಿ ಕಲ್ಲುಸಕ್ಕರೆ ಥರ ಹರಳಾಗಿ ಸಿಗುವ ಸೋಡಾದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ, ಅದಾದರೆ 146 ಗ್ರಾಂ ಬೇಕು. ಇನ್ನು ಬೋರ್ ನೀರು ಬಳಸಲೇಬೇಡಿ. ಗಡಸು ನೀರಿಗೆ ಸೋಡಾ ಬಿದ್ದ ತಕ್ಷಣ ಸುಣ್ಣದ ಹಾಗೆ ಬೆಳ್ಳಗೆ ಒಡೆಯುತ್ತದೆ, ಆ ಪುಡಿ ಹೋಗಿ ಫಿಲ್ಮ್ ಮೇಲೆ ಕೂರುತ್ತದೆ.

ಹಲಗೆ ಮೇಲೆ

ನಾಲ್ಕು ಅಡಿ ಉದ್ದದ ಹಲಗೆಗೆ ಕಪ್ಪು ಬಟ್ಟೆ ಅಂಟಿಸಿ, ಎರಡು ಕಡೆ ಮರದ ಪಟ್ಟಿ ಹೊಡೆದು ಫಿಲ್ಮ್ ಕೂರಲು ಒಂದು ಕಾಲುವೆ ಮಾಡಿದೆ. ಒಂದು ಹಲಗೆಗೆ 160 ಫ್ರೇಮು, ಸುಮಾರು ಆರೂವರೆ ಸೆಕೆಂಡು. ವಸ್ತು ಜೋಡಿಸು, ಬೆಳಕು ಬಿಡು, ಸರಿಸು, ಮತ್ತೆ ಜೋಡಿಸು. ಟಾರ್ಚನ್ನು ಒಂದು ಮೀಟರ್ ಎತ್ತರದಲ್ಲಿ ಕಟ್ಟಿ, ಬಾಯಿಗೆ ಎರಡು ಪದರ ಬಟರ್ ಪೇಪರ್ ಸುತ್ತಿದೆ. ಪರೀಕ್ಷೆಯ ತುಂಡುಗಳಲ್ಲಿ 2 ಸೆಕೆಂಡು ಸರಿಬಂತು. ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ ಇರುವುದರಿಂದ ಇಷ್ಟು ಬೇಗ. ಹಳೇ ಬಲ್ಬಿನ ಟಾರ್ಚ್ ಆದರೆ ಇನ್ನೂ ಎಷ್ಟೋ ಹೊತ್ತು ಬೇಕು.

ಇಲ್ಲಿ ನನ್ನ ತಲೆ ತಿರುಗಿಸಿದ್ದು ಅಳತೆ. ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ 7.62 ಮಿ.ಮೀ. ಮಳೆಹುಳದ ರೆಕ್ಕೆ ಸುಮಾರು 15 ಮಿ.ಮೀ, ಅಂದರೆ ಎರಡು ಫ್ರೇಮು, ಸೆಕೆಂಡಿನ ಹನ್ನೆರಡನೇ ಒಂದು ಪಾಲು. ಕರಿಬೇವಿನ ಹತ್ತು ಸೆಂ.ಮೀ ಕಡ್ಡಿ ಇಟ್ಟರೆ ಅರ್ಧ ಸೆಕೆಂಡು. ಫಿಲ್ಮ್ ಕೈಯಲ್ಲಿ ಹಿಡಿದರೆ ಕಡ್ಡಿ, ಎಲೆ, ನರ ಎಲ್ಲ ಕಾಣುತ್ತದೆ. ಪರದೆ ಮೇಲೆ ಅದು ಕರಿಬೇವಲ್ಲ, ಏನೋ ಬಿಳೀದು ನಡುಗಿ ಹೋಯಿತು ಅಷ್ಟೇ. ಇಲ್ಲಿ ಶಾಟ್ ಎಷ್ಟು ಹೊತ್ತು ಇರಬೇಕು ಅನ್ನುವುದನ್ನು ನಿರ್ದೇಶಕ ಹೇಳುವುದಿಲ್ಲ, ಎಲೆಯ ಉದ್ದ ಹೇಳುತ್ತದೆ.

ಹಾಗಾದರೆ ಒಂದೇ ಆಕಾರ ಮತ್ತೆ ಮತ್ತೆ ಬರುವ ವಸ್ತು ಇಟ್ಟರೆ? ಅಮ್ಮನ ಬೀರುವಿನಲ್ಲಿ ಅಜ್ಜಿಯ ಒಂದು ಹಳೇ ಹತ್ತಿ ಸೀರೆ ಇತ್ತು. ಅಂಚಿನಲ್ಲಿ ಸಣ್ಣ ಗೋಪುರದ ಸಾಲು. ಸ್ಕೇಲ್ ಇಟ್ಟು ನೋಡಿದೆ, ಗೋಪುರದಿಂದ ಗೋಪುರಕ್ಕೆ ಸರಿಯಾಗಿ 8 ಮಿ.ಮೀ. ಫ್ರೇಮಿಗಿಂತ 0.38 ಮಿ.ಮೀ ಜಾಸ್ತಿ. ಅಂದರೆ ಪ್ರತಿ ಫ್ರೇಮಿಗೂ ಗೋಪುರ ಅಷ್ಟಷ್ಟೇ ಜರುಗುತ್ತಾ, 21 ಫ್ರೇಮಿಗೆ ಒಂದು ಸುತ್ತು ಮುಗಿಸಿ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ಒಂದು ಸೆಕೆಂಡಿಗೂ ಸ್ವಲ್ಪ ಕಮ್ಮಿ. ಸೀರೆ ಹಲಗೆ ಮೇಲೆ ಸುಮ್ನೆ ಮಲಗಿರುತ್ತದೆ, ಪರದೆ ಮೇಲೆ ಗೋಪುರಗಳು ತೇರಿನ ಹಾಗೆ ನಿಧಾನವಾಗಿ ನಡೆಯುತ್ತವೆ. ನೇಯ್ದವರು ಯಾರೋ, ಅವರಿಗೆ 16 ಎಂಎಂ ಗೊತ್ತಿರಲಿಕ್ಕಿಲ್ಲ. ಮೂರು ಹಲಗೆ ಪೂರ್ತಿ ಆ ಅಂಚಿಗೇ ಕೊಟ್ಟೆ. ಇಡೀ ಸಿನಿಮಾದಲ್ಲಿ ನನಗೆ ಇಷ್ಟವಾದ 20 ಸೆಕೆಂಡು ಅದು.

ಸಾಸಿವೆ ಮಾತ್ರ ನನ್ನ ಕೈಗೆ ಬಗ್ಗಲಿಲ್ಲ. ಒಂದೊಂದೇ ಇಟ್ಟರೆ ಜೋಡಿಸಿದ ಹಾಗೆ ಕಾಣುತ್ತದೆ, ಎರಚಿದರೆ ಉರುಳಿ ಹೋಗುತ್ತದೆ.

"ಅಮ್ಮ, ನೀನೇ ಹಾಕು. ಒಗ್ಗರಣೆಗೆ ಹಾಕೋ ಹಾಗೆ."

"ಎಣ್ಣೆ ಇಲ್ಲದೆ ಹೇಗೋ ಹಾಕಲಿ?" ಅಂದಳು. ಆದರೂ ಕೆಂಪು ಬೆಳಕಲ್ಲಿ ಬಗ್ಗಿ, ಮೂರು ಬೆರಳಲ್ಲಿ ಹಿಡಿದು ಮಣಿಕಟ್ಟು ಒಂದು ಸಲ ಅಲ್ಲಾಡಿಸಿದಳು. ಒಂದು ಕಡೆ ದಟ್ಟ, ಆಮೇಲೆ ತೆಳು, ಕೊನೆಗೆ ಒಂಟಿ ಕಾಳು. ನಲವತ್ತು ವರ್ಷದ ಅಭ್ಯಾಸ ಅದು. ನಾನು ಮತ್ತೆ ಮುಟ್ಟಲಿಲ್ಲ.

ಕೆನೆ ಕಟ್ಟಿದ್ದು

ಮೊದಲ 46 ಅಡಿ ತೊಳೆದ ದಿನ ಟ್ಯಾಂಕಿನ ನೀರು 29 ಡಿಗ್ರಿ. ತಣ್ಣಗೆ ಮಾಡಲು ಸೋಮಾರಿತನ. ಸಮಯ ಕಮ್ಮಿ ಮಾಡಿದರಾಯಿತು ಅಂತ 8 ನಿಮಿಷ ತಿರುಗಿಸಿದೆ. ಆಕಾರಗಳು ಚೆನ್ನಾಗಿ ಬಂದವು. ನೀರಲ್ಲಿ ಜಾಲಿಸಿ ಹೈಪೋಗೆ ಹಾಕಿದೆ. ಫಿಲ್ಮ್ ಮತ್ತೆ ಬೆಳಕಿಗೆ ಕಪ್ಪಾಗದ ಹಾಗೆ ಚಿತ್ರವನ್ನು ನಿಲ್ಲಿಸುವ ದ್ರಾವಣ ಅದು. ಎರಡು ನಿಮಿಷದಲ್ಲಿ ಫಿಲ್ಮ್ ಮೇಲೆ ಸುಕ್ಕು ಎದ್ದಿತು. ಹಾಲಿನ ಮೇಲಿನ ಕೆನೆಯನ್ನು ಚಮಚದಲ್ಲಿ ತಳ್ಳಿದರೆ ಹೇಗೆ ಮುದುಡುತ್ತದೋ, ಹಾಗೇ. ಬೆರಳು ತಾಗಿದ ಜಾಗದಲ್ಲಿ ಪದರವೇ ಜಾರಿ ಕೈಗೆ ಬಂತು.

ಆಮೇಲೆ ಕೂತು ಯೋಚಿಸಿದಾಗ ತಪ್ಪು ಎರಡು ಅಂತ ಗೊತ್ತಾಯಿತು. ಫಿಲ್ಮ್ ಮೇಲಿರುವುದು ಜೆಲಾಟಿನ್ ಅನ್ನುವ ಅಂಟಿನಂಥ ಪದರ. ಬಿಸಿ ನೀರು, ಅದರ ಮೇಲೆ ಸೋಡಾದ ಕ್ಷಾರ, ಎರಡೂ ಸೇರಿ ಅದನ್ನು ಮೆತ್ತಗೆ ಮಾಡಿ ಉಬ್ಬಿಸುತ್ತವೆ. ಎರಡನೆಯದು ಹೈಪೋ. ಲೀಟರಿಗೆ 250 ಗ್ರಾಂ ಕರಗಿಸುವಾಗ ಹೈಪೋ ನೀರಿನ ಶಾಖವನ್ನು ಎಳೆದುಕೊಳ್ಳುತ್ತದೆ. ಪಾತ್ರೆ ಹೊರಗೆ ಬೆವರು ಬಂದಿದ್ದನ್ನು ನೋಡಿಯೂ ನೋಡದ ಹಾಗೆ ಇದ್ದೆ. ಥರ್ಮಾಮೀಟರ್ ಇಟ್ಟಿದ್ದರೆ 19, 20 ತೋರಿಸುತ್ತಿತ್ತು. 29ರಲ್ಲಿ ಉಬ್ಬಿದ್ದನ್ನು ಒಮ್ಮೆಲೇ ತಣ್ಣಗಿನದಕ್ಕೆ ಅದ್ದಿದರೆ ಮುದುಡದೆ ಇನ್ನೇನು?

16 ಅಡಿ ಹೋಯಿತು. ಸುಕ್ಕಾದರೂ ಜಾರದೆ ಉಳಿದ 9 ಸೆಕೆಂಡನ್ನು ಎಸೆಯಲು ಮನಸ್ಸು ಬರಲಿಲ್ಲ. ಮಳೆಹುಳದ ರೆಕ್ಕೆಗಳ ಭಾಗ ಅದು, ಸುಕ್ಕಿನಲ್ಲಿ ರೆಕ್ಕೆಯ ನರ ಯಾವುದು, ಜೆಲಾಟಿನ್ ಗೆರೆ ಯಾವುದು ಅಂತ ಗೊತ್ತೇ ಆಗುವುದಿಲ್ಲ. ಸಿನಿಮಾದಲ್ಲಿ ಇಟ್ಟುಕೊಂಡಿದ್ದೇನೆ. ಆದರೆ ಬೇಕಂತಲೇ ಮಾಡಿದ್ದು ಅಂತ ಯಾರ ಹತ್ತಿರವೂ ಹೇಳಿಲ್ಲ.

ಎರಡನೇ ಸಲಕ್ಕೆ ಹೈಪೋ ಹಿಂದಿನ ರಾತ್ರಿಯೇ ಕಲಸಿಟ್ಟೆ. ಪ್ಲಾಸ್ಟಿಕ್ ಕವರಿಗೆ ಐಸ್ ತುಂಬಿ ಎಲ್ಲ ದ್ರಾವಣದಲ್ಲೂ ಮುಳುಗಿಸಿ 22ಕ್ಕೆ ತಂದೆ. ಜೊತೆಗೆ ಜೆಲಾಟಿನ್ ಗಟ್ಟಿ ಮಾಡಲು ಪಟಿಕ. ಕ್ಷೌರದ ಅಂಗಡಿಯಲ್ಲಿ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಕುಟ್ಟಿ ಲೀಟರಿಗೆ 20 ಗ್ರಾಂ. ಪರೀಕ್ಷೆಯ ತುಂಡಿನಲ್ಲಿ ಡೆವಲಪರ್‌ನಿಂದ ನೇರ ಪಟಿಕದ ನೀರಿಗೆ ಹಾಕಿದೆ, ಬಿಳಿ ಲೋಳೆ ಬಂದು ಕೂತಿತು. ಕ್ಷಾರ ಉಳಿದಿದ್ದರೆ ಪಟಿಕ ಹಾಗೆ ಒಡೆಯುತ್ತದೆ. ಮೊದಲು ಬರೀ ನೀರಲ್ಲಿ ಮೂರು ಸಲ ಜಾಲಿಸಿ, ಆಮೇಲೆ ತೆಳುವಾದ ನಿಂಬೆಉಪ್ಪಿನ ನೀರು, ಆಮೇಲೆ ಪಟಿಕ. ನಿಂಬೆಉಪ್ಪು ಜಾಸ್ತಿ ಹಾಕಬೇಡಿ. ಸೋಡಾ ಜೊತೆ ಬುರುಬುರು ಅಂದು ಆ ಗುಳ್ಳೆ ಪದರದಲ್ಲೇ ತೂತು ಮಾಡುತ್ತದೆ.

ಈ ಸಲ 47 ಅಡಿಯೂ ಬಚಾವ್. ರೋಲಿನಲ್ಲಿ ಮಿಕ್ಕದ್ದು ಪರೀಕ್ಷೆಯ ತುಂಡುಗಳಿಗೆ ಹೋಗಿತ್ತು. ಬಟ್ಟೆ ಒಣಹಾಕುವ ಹಗ್ಗದ ಮೇಲೆ ರಾತ್ರಿ ಹೊತ್ತು ಒಣಗಿಸಿದೆ, ಧೂಳು ಕಮ್ಮಿ. ಬಳಸಿದ ಹೈಪೋದಲ್ಲಿ ಬೆಳ್ಳಿ ಇರುತ್ತದೆ, ಮೋರಿಗೆ ಸುರಿಯಬೇಡಿ. ನನ್ನದು ಕ್ಯಾನಿನಲ್ಲಿದೆ.

ಪ್ರೊಜೆಕ್ಟರ್ ಮತ್ತು ಚಟಪಟ

ಗುಜರಿಯಲ್ಲಿ ಸಿಕ್ಕ ಹಳೇ ಪ್ರೊಜೆಕ್ಟರ್. ಬೆಲ್ಟು ಕರಗಿ ಬೆಲ್ಲದ ಪಾಕವಾಗಿತ್ತು, ಗ್ರೀಸ್ ಕಲ್ಲಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟು, ಬೆಲ್ಟಿಗೆ ಪಾಲಿಯುರೆಥೇನ್ ದಾರದ ತುದಿಗಳನ್ನು ಕಾದ ಚಾಕುವಿನಲ್ಲಿ ಬೆಸೆದೆ. ಓಡಿತು. ಧ್ವನಿ ಓದುವ ಪುಟ್ಟ ದೀಪ ಸುಟ್ಟುಹೋಗಿತ್ತು. ಅದರ ಜಾಗಕ್ಕೆ ಬಿಳಿ ಎಲ್‌ಇಡಿ ಇಟ್ಟರೆ ಪಿಸುಮಾತು. ಆ ದೀಪದ ಬೆಳಕನ್ನು ಹಿಡಿಯುವ ಒಳಗಿನ ಫೋಟೋ ಸೆಲ್ ಕೆಂಪಿನ ಕಡೆಗೆ ಜಾಸ್ತಿ ಚುರುಕು ಅಂತ ನೆನಪಾಗಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 1 ವಾಟ್ ಕೆಂಪು ಎಲ್‌ಇಡಿ ತಂದು ಹಾಕಿದೆ. ಮನೆ ತುಂಬಿತು.

ಧ್ವನಿಯ ಪಟ್ಟಿ ಇರುವುದು ಫಿಲ್ಮಿನ ತೂತಿಲ್ಲದ ಅಂಚಿನಲ್ಲಿ. ಅದನ್ನು ಹಾದುಬರುವ ಬೆಳಕಿನ ಏರಿಳಿತವೇ ಸದ್ದಾಗುತ್ತದೆ. ನಾನು ಅಲ್ಲಿಗೂ ವಸ್ತು ಚಾಚಿಯೇ ಇಟ್ಟಿದ್ದೆ. ಸೆಕೆಂಡಿಗೆ 183 ಮಿ.ಮೀ ಫಿಲ್ಮ್ ಓಡುತ್ತದೆ. ಸೊಳ್ಳೆ ಪರದೆಯ ಕಣ್ಣು 1.5 ಮಿ.ಮೀ ಆದರೆ 122 ಹರ್ಟ್ಸ್ ಗುಂಯ್‌ಗುಡುವಿಕೆ. ಪರದೆಯನ್ನು ಎಳೆದು ಕಣ್ಣು ದೊಡ್ಡದು ಮಾಡಿದ ಕಡೆ ಸ್ವರ ಕೆಳಗೆ ಜಾರುತ್ತದೆ, ವೀಣೆಯ ಜಾರಿನ ಹಾಗೆ. ಸಾಸಿವೆ ಏನು ಸದ್ದು ಮಾಡಿತು ಅಂತ ನೀವೇ ಊಹಿಸಿ. ಚಟ್, ಚಟಪಟ, ಚಟ್.

ಒಂದೇ ತೊಡಕು. 16 ಎಂಎಂ ಪ್ರೊಜೆಕ್ಟರ್‌ನಲ್ಲಿ ಧ್ವನಿ ಓದುವ ಜಾಗ ಚಿತ್ರದ ಕಿಂಡಿಯಿಂದ 26 ಫ್ರೇಮು ಆಚೆ. ಕಾಳು ಮೊದಲು ಹೊಳೆಯುತ್ತದೆ, ಒಂದು ಸೆಕೆಂಡು ಬಿಟ್ಟು ಸಿಡಿಯುತ್ತದೆ. ಸರಿಪಡಿಸಬೇಕಾದರೆ ಸದ್ದಿನ ಸಾಸಿವೆಯನ್ನು 20 ಸೆಂ.ಮೀ ಮುಂದೆ ಬೇರೆಯಾಗಿ ಉದುರಿಸಬೇಕು. ಬೇಡ ಅನ್ನಿಸಿತು. ಮಿಂಚು ಮೊದಲು, ಗುಡುಗು ಆಮೇಲೆ ಅಲ್ವಾ?

ಕೊನೆಗೆ ಉಳಿದದ್ದು 77 ಅಡಿ, 2 ನಿಮಿಷ 8 ಸೆಕೆಂಡು. ಹಜಾರದ ಗೋಡೆಗೆ ಬಿಳಿ ಪಂಚೆ ಕಟ್ಟಿ ಓಡಿಸಿದೆ. ಅಜ್ಜಿಯ ಸೀರೆ ಅಂಚು ನಡೆದಾಗ ಅಮ್ಮ ಏನೂ ಹೇಳಲಿಲ್ಲ. ಸಾಸಿವೆ ಬಂದಾಗ ಮಾತ್ರ "ಅಯ್ಯೋ, ಇರುವೆ!" ಅಂದಳು.

"ಎಲ್ಲಿ?"

"ಈಗ ಹೋಯ್ತಲ್ಲೋ. ಕಾಳಿನ ಪಕ್ಕ."

ಮೂರು ಸಲ ಓಡಿಸಿದರೂ ನನಗೆ ಕಾಣಲಿಲ್ಲ. ಮಾರನೇ ದಿನ ಕಿಟಕಿ ಹತ್ತಿರ ಭೂತಗನ್ನಡಿ ಹಿಡಿದು ಕಾಳು ಕಾಳಾಗಿ ಹುಡುಕಿದೆ. ಸಿಕ್ಕಿತು, ಒಂದೇ ಒಂದು ಫ್ರೇಮಿನಲ್ಲಿ. ಆರು ಕಾಲೂ ಗೆರೆ ಎಳೆದ ಹಾಗೆ ಸ್ಪಷ್ಟ, ಮೀಸೆ ಮಾತ್ರ ಮಸುಕು. ಟಾರ್ಚ್ ಉರಿದ ಆ ಎರಡು ಸೆಕೆಂಡು ಅದು ನಿಂತಲ್ಲೇ ನಿಂತು ಮೀಸೆ ಆಡಿಸಿರಬೇಕು.